ಗಲ್ಲಾದಲ್ಲಿ ಕುಳಿತವರು ಗಿರಾಕಿಗಳಾಗಿ ಹೊರಟಾಗ: ವಿದೇಶದ ಹೊಟೇಲ್ ವಾಸಕ್ಕೆ ಕೆಲವು ಕಿವಿಮಾತು

ಅಡಾಜಣ್ (ಸೂರತ್): ವಜ್ರದ ಕಾರ್ಖಾನೆಗಳು ಎರಡು ಮೂರು ವಾರ ಬಾಗಿಲು ಹಾಕಿ, ಸೌರಾಷ್ಟ್ರದ ಕೆಲಸಗಾರರೆಲ್ಲ ತಮ್ಮ ಊರಿಗೆ ಹೊರಟುಹೋಗುವ ದೀಪಾವಳಿಯ ದಿನಗಳಲ್ಲಿ ಸೂರತ್ ಅರ್ಧ ಖಾಲಿಯಾದಂತೆ ಕಾಣುತ್ತದೆ. ಹೊಟೇಲ್ ಉದ್ಯಮದಲ್ಲಿರುವ ನಮ್ಮ ತುಳು-ಕನ್ನಡಿಗರಿಗೆ ವರ್ಷದಲ್ಲಿ ಉಸಿರು ಬಿಡಲು ಸಿಗುವ ಬಿಡುವು ಅದೇ. ಹಿಂದೆಲ್ಲ ಆ ಬಿಡುವಿನಲ್ಲಿ ಊರಿನ ರೈಲು ಹಿಡಿಯುವುದು ವಾಡಿಕೆಯಾಗಿತ್ತು. ಈಗ ಅಡಾಜಣ್, ಪಾಲ್, ರಾಂದೇರ್ ಪರಿಸರದ ನಮ್ಮವರ ಮನೆಗಳಲ್ಲಿ ದುಬೈ, ಬ್ಯಾಂಕಾಕ್, ಸಿಂಗಾಪುರದ ಮಾತೂ ಕೇಳಿಬರುತ್ತಿದೆ. 2019ರ ಫೆಬ್ರವರಿಯಲ್ಲಿ ಸೂರತ್‌ನಿಂದಲೇ ಶಾರ್ಜಾಕ್ಕೆ ವಿಮಾನ ಹಾರಿತು. 2023ರ ಡಿಸೆಂಬರ್‌ನಲ್ಲಿ ಇಲ್ಲಿನ ನಿಲ್ದಾಣಕ್ಕೆ ಅಂತಾರಾಷ್ಟ್ರೀಯ ಮಾನ್ಯತೆ ದೊರೆತು ದುಬೈ ಯಾನ ಆರಂಭವಾಯಿತು, ಮರುವರ್ಷದ ಡಿಸೆಂಬರ್‌ನಲ್ಲಿ ಬ್ಯಾಂಕಾಕ್ ವಿಮಾನವೂ ಹೊರಟಿತು. ವಜ್ರದ ವ್ಯಾಪಾರಿಗಳಾದ ಗುಜರಾತಿ ನೆರೆಯವರು ಹಾಂಕಾಂಗ್, ಆಂಟ್ವರ್ಪ್‌ಗಳಿಗೆ ವರಾಛಾಕ್ಕೆ ಹೋಗಿ ಬಂದಷ್ಟು ಸಲೀಸಾಗಿ ಹೋಗಿ ಬರುವುದನ್ನು ಇಷ್ಟು ವರ್ಷ ನೋಡುತ್ತಿದ್ದ ನಮ್ಮವರೂ ಈಗ ಪೆಟ್ಟಿಗೆ ಕಟ್ಟತೊಡಗಿದ್ದಾರೆ.

ಹೊಟೇಲು ನಡೆಸುವುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹೊಟೇಲಿನಲ್ಲಿ ಇಳಿದುಕೊಳ್ಳುವುದು ಬೇರೆಯೇ ವಿದ್ಯೆ. ಮುಂಬೈಗೆ ಹೋದರೆ ಭಾವನ ಮನೆ, ಬೆಂಗಳೂರಿಗೆ ಹೋದರೆ ತಂಗಿಯ ಮನೆ, ಊರಲ್ಲಂತೂ ಸ್ವಂತ ಮನೆ. ಮೂವತ್ತು ವರ್ಷ ಗಲ್ಲಾದಲ್ಲಿ ಕುಳಿತವರಲ್ಲಿ ಒಂದು ರಾತ್ರಿಯೂ ದುಡ್ಡು ಕೊಟ್ಟು ಲಾಡ್ಜಿನಲ್ಲಿ ಮಲಗದವರು ಎಷ್ಟೋ ಮಂದಿ ಇದ್ದಾರೆ. ಅಂಥವರ ಮೊದಲ ಹೊಟೇಲ್ ವಾಸ ಪರದೇಶದಲ್ಲಾದರೆ ಪರದಾಟ ತಪ್ಪಿದ್ದಲ್ಲ.

ಅಡಾಜಣ್‌ನ ಹಿರಿಯ ದಂಪತಿಯೊಬ್ಬರ ಪ್ರಸಂಗವನ್ನು ಇಲ್ಲಿ ಹೇಳಬಹುದು. ಕೆನಡಾದಲ್ಲಿರುವ ಮಗ ತನ್ನ ಕಾರ್ಡಿನಿಂದಲೇ ದುಬೈಯಲ್ಲಿ ನಾಲ್ಕು ರಾತ್ರಿಯ ರೂಮು ಕಾದಿರಿಸಿ ಹಣವನ್ನೂ ಕಟ್ಟಿದ್ದ. ಬೆಳಗಿನ ಜಾವ ಹೊಟೇಲು ತಲುಪಿದಾಗ ಕೌಂಟರಿನಲ್ಲಿ ಎರಡು ಮಾತು ಹೇಳಿದರು: ರೂಮು ಸಿಗುವುದು ಮಧ್ಯಾಹ್ನ ಮೂರು ಗಂಟೆಗೆ, ಮತ್ತು ಅದಕ್ಕೆ ಮೊದಲು ಡಿಪಾಸಿಟ್‌ಗಾಗಿ ಒಂದು ಕಾರ್ಡು ಬೇಕು. ಅವರ ಬಳಿ ಇದ್ದ ಡೆಬಿಟ್ ಕಾರ್ಡು ಅಲ್ಲಿ ನಡೆಯಲಿಲ್ಲ. ಕೈಯಲ್ಲಿ ಇದ್ದದ್ದು ಖರ್ಚಿಗೆಂದು ಮಾಡಿಸಿಕೊಂಡಿದ್ದ ಸ್ವಲ್ಪ ದಿರ್ಹಂ. ಆಗ ಕೆನಡಾದಲ್ಲಿ ರಾತ್ರಿ. ಮಗ ಫೋನ್ ಎತ್ತಿ, ಹೊಟೇಲಿನವರು ಕಳುಹಿಸಿದ ಅನುಮತಿ ಪತ್ರಕ್ಕೆ ಸಹಿ ಹಾಕಿ ಮರಳಿಸುವವರೆಗೆ ಅರುವತ್ತು ದಾಟಿದ ಇಬ್ಬರೂ ಲಾಬಿಯ ಸೋಫಾದಲ್ಲಿ ಕುಳಿತೇ ಇದ್ದರು. ಹೊಟೇಲಿನವರ ನಡತೆಯಲ್ಲಿ ಕುಂದೇನೂ ಇರಲಿಲ್ಲವಂತೆ, ನೀರು ಕೊಟ್ಟರು, ಕಾಫಿ ಕೊಟ್ಟರು. ನಿಯಮ ಮಾತ್ರ ನಿಯಮ.

ಈ ಎರಡೂ ಮಾತು ನಮ್ಮವರಿಗೆ ಅರ್ಥವಾಗದ ಸಂಗತಿಗಳೇನಲ್ಲ. ಹಿಂದಿನ ಗಿರಾಕಿ ಹೊರಡದೆ, ರೂಮು ಗುಡಿಸದೆ ಹೊಸಬರಿಗೆ ಕೊಡುವುದು ಹೇಗೆ? ಲಾಡ್ಜಿಂಗ್ ನಡೆಸುವ ನಮ್ಮವರೂ ಅಡ್ವಾನ್ಸ್ ಪಡೆಯದೆ ಬೀಗದ ಕೈ ಕೊಡುವುದಿಲ್ಲ. ಅಲ್ಲಿ ಅದನ್ನು ಕಾರ್ಡಿನ ಮೇಲೆ ಹಿಡಿದಿಡುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಕಾರ್ಡಿನ ಸಂಗತಿ

ಮೊದಲನೆಯದಾಗಿ, ರಿಸರ್ವ್ ಬ್ಯಾಂಕಿನ 2020ರ ನಿಯಮದ ಬಳಿಕ ಹೊಸದಾಗಿ ಕೊಡುವ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶಿ ಬಳಕೆಯನ್ನು ಕಾರ್ಡುದಾರರೇ ಬ್ಯಾಂಕಿನ ಆ್ಯಪ್‌ನಲ್ಲೋ, ಶಾಖೆಯಲ್ಲೋ ಹೇಳಿ ಆರಂಭಿಸಿಕೊಳ್ಳಬೇಕು. ಇದು ಎರಡು ನಿಮಿಷದ ಕೆಲಸ, ಆದರೆ ಸೂರತ್ ಬಿಡುವ ಮೊದಲು ಮಾಡಬೇಕಾದ ಕೆಲಸ. ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಇಲ್ಲದಿದ್ದರೆ ಅಲ್ಲಿಂದ ಮಾಡಲು ಹೋಗಿ ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ.

ಎರಡನೆಯದು, ಡಿಪಾಸಿಟ್‌ಗೆ ಕ್ರೆಡಿಟ್ ಕಾರ್ಡನ್ನೇ ಕೊಡುವುದು ಲೇಸು. ಕ್ರೆಡಿಟ್ ಕಾರ್ಡಿನಲ್ಲಿ ಮಿತಿಯಷ್ಟೇ ತಾತ್ಕಾಲಿಕವಾಗಿ ಕಡಿಮೆಯಾಗುತ್ತದೆ. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡಿನಲ್ಲಾದರೆ ನಮ್ಮದೇ ಹಣ ಸಿಕ್ಕಿಬೀಳುತ್ತದೆ; ಹೊಟೇಲಿನವರು ಬಿಟ್ಟುಕೊಟ್ಟರೂ ಬ್ಯಾಂಕಿನ ದಾರಿಯಲ್ಲಿ ಅದು ಮರಳಿ ಬರಲು ವಾರಗಳೇ ಹಿಡಿಯುವುದುಂಟು. ಪ್ರವಾಸದ ಖರ್ಚಿಗೆಂದು ತುಂಬಿಸಿದ ಫಾರೆಕ್ಸ್ ಕಾರ್ಡು ಮೊದಲ ದಿನವೇ ಅರ್ಧ ಬರಿದಾದರೆ ಉಳಿದ ದಿನಗಳನ್ನು ಹೇಗೆ ಕಳೆಯುವುದು?

ಮಕ್ಕಳು ದೂರದಿಂದ ಹಣ ಕಟ್ಟುವುದಾದರೆ ಬುಕಿಂಗ್ ಮಾಡಿದ ದಿನವೇ ಹೊಟೇಲಿಗೆ ಇ-ಮೇಲ್ ಬರೆದು, ತಂಗುವವರು ತಮ್ಮ ತಂದೆ-ತಾಯಿ, ಡಿಪಾಸಿಟ್ ಎಷ್ಟು, ನಗದು ನಡೆಯುತ್ತದೆಯೇ ಎಂದು ಕೇಳಿ ಉತ್ತರವನ್ನು ಮುದ್ರಿಸಿ ಹಿರಿಯರ ಕೈಯಲ್ಲಿ ಕೊಡಬೇಕು. ವಿಮಾನ ಬೆಳಗಿನ ನಾಲ್ಕಕ್ಕೆ ಇಳಿಯುವುದಾದರೆ ಹಿಂದಿನ ರಾತ್ರಿಯಿಂದಲೇ ರೂಮು ಹಿಡಿಯುವುದು ಉತ್ತಮ. ಒಂದು ರಾತ್ರಿಯ ಬಾಡಿಗೆ ಹೆಚ್ಚು ಬೀಳುತ್ತದೆ ನಿಜ, ಆದರೆ ಬಿ.ಪಿ., ಸಕ್ಕರೆ ಕಾಯಿಲೆ ಇರುವವರನ್ನು ಹನ್ನೊಂದು ಗಂಟೆ ಲಾಬಿಯಲ್ಲಿ ಕೂರಿಸುವುದಕ್ಕಿಂತ ಅದು ಅಗ್ಗ. ಹಾಗೆ ಹಿಡಿದಾಗ 'ನಾವು ಬರುವುದು ಬೆಳಗಿನ ಜಾವಕ್ಕೆ' ಎಂದು ತಿಳಿಸಲು ಮರೆಯಬಾರದು. ರಾತ್ರಿ ಬಾರದವರನ್ನು 'ನೋ ಶೋ' ಎಂದು ಬರೆದು ಇಡೀ ಬುಕಿಂಗನ್ನೇ ರದ್ದು ಮಾಡುವ ಪದ್ಧತಿ ದೊಡ್ಡ ಹೊಟೇಲುಗಳಲ್ಲಿದೆ.

ಹೆಸರಿನ ಗೋಜಲು

ಇದು ವಿಶೇಷವಾಗಿ ನಮ್ಮವರದೇ ಸಮಸ್ಯೆ. ಊರಿನ ಶಾಲೆಯಲ್ಲಿ ಬರೆಸಿದ ಹೆಸರಿನಲ್ಲಿ ಒಂದೋ ಇನಿಶಿಯಲ್ ಇರುತ್ತದೆ, ಇಲ್ಲವೇ ಬರೀ ಹೆಸರಷ್ಟೇ ಇರುತ್ತದೆ. ಗುಜರಾತಿಗೆ ಬಂದ ಮೇಲೆ ಇಲ್ಲಿನ ದಾಖಲೆಗಳಲ್ಲಿ ಸರ್‌ನೇಮ್ ಮೊದಲು, ಆಮೇಲೆ ಹೆಸರು, ಅದರ ಹಿಂದೆ ತಂದೆಯ ಅಥವಾ ಗಂಡನ ಹೆಸರು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳ ಪಾಸ್‌ಪೋರ್ಟು ಗುಜರಾತಿ ಕ್ರಮದಲ್ಲಿ ಸರಿಯಾಗಿರುತ್ತದೆ. ತಾಯಿಯ ಪಾಸ್‌ಪೋರ್ಟಿನಲ್ಲಿ ಮಾತ್ರ ಸರ್‌ನೇಮ್ ಜಾಗ ಖಾಲಿ. ಒಂದೇ ಮನೆಯ ನಾಲ್ವರು ಕೌಂಟರಿನಲ್ಲಿ ನಿಂತಾಗ ನಾಲ್ಕು ಬೇರೆ ಬೇರೆ ಮನೆಯವರಂತೆ ಕಾಣುವುದುಂಟು.

ಊರಿನಲ್ಲಿ ಇದರಿಂದ ಯಾವ ತೊಡಕೂ ಇಲ್ಲ. ಆದರೆ 2022ರ ನವೆಂಬರ್‌ನಲ್ಲಿ ಯುಎಇ ಸರಕಾರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳಿಗೆ ಪ್ರವೇಶವಿಲ್ಲ ಎಂದು ಪ್ರಕಟಿಸಿದಾಗ ದಕ್ಷಿಣ ಭಾರತದ ಎಷ್ಟೋ ಮಂದಿ ಗಾಬರಿಯಾದರು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಒಪ್ಪುವುದಾಗಿ ಬಳಿಕ ಸ್ಪಷ್ಟನೆ ಬಂತು. ಆದರೂ ಟಿಕೆಟ್, ವೀಸಾ, ಹೊಟೇಲ್ ಬುಕಿಂಗ್ ಮೂರರಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ, ಇರುವಂತೆ ನೋಡಿಕೊಳ್ಳಬೇಕು. ಬುಕಿಂಗ್ ಅರ್ಜಿಯಲ್ಲಿ ಸರ್‌ನೇಮ್ ಕಡ್ಡಾಯ ಎಂದು ಬಂದಾಗ ಏಜೆಂಟರು ತಮಗೆ ತೋಚಿದ್ದನ್ನು ತುಂಬಿಸಿ ಮುಗಿಸುತ್ತಾರೆ. ಅದನ್ನು ಒಮ್ಮೆ ಕಣ್ಣಾರೆ ಓದಿ ನೋಡಬೇಕು. ವಿದೇಶಕ್ಕೆ ಮತ್ತೆ ಮತ್ತೆ ಹೋಗುವ ಸಂಭವವಿದ್ದರೆ ಸೂರತ್‌ನ ಪಾಸ್‌ಪೋರ್ಟ್ ಕಚೇರಿಯ ಮೂಲಕ ಸರ್‌ನೇಮ್ ಸೇರಿಸಿ ಮರುವಿತರಣೆ ಮಾಡಿಸಿಕೊಳ್ಳುವುದೇ ಶಾಶ್ವತ ಪರಿಹಾರ. ಟಿಕೆಟ್ ತೆಗೆದ ಮೇಲೆ ಇದಕ್ಕೆ ಕೈ ಹಾಕಬಾರದು, ಪಾಸ್‌ಪೋರ್ಟ್ ಸಂಖ್ಯೆಯೇ ಬದಲಾಗುತ್ತದೆ.

ಕೌಂಟರಿನಲ್ಲಿ ಪ್ರತಿಯೊಬ್ಬರ ಪಾಸ್‌ಪೋರ್ಟ್ ಕೇಳಿ ನಕಲು ತೆಗೆದುಕೊಂಡರೆ ಸಂಶಯಪಡುವ ಅಗತ್ಯವಿಲ್ಲ. ವಿದೇಶಿಯರು ಬಂದಿಳಿದರೆ 24 ಗಂಟೆಯೊಳಗೆ ಸರಕಾರಕ್ಕೆ ತಿಳಿಸಬೇಕೆಂಬ, ಸಿ ಫಾರಂ ಎಂದೇ ಎಲ್ಲರಿಗೂ ಪರಿಚಿತವಾದ ಕ್ರಮ ನಮ್ಮ ಲಾಡ್ಜಿಂಗ್‌ನವರಿಗೆ ಗೊತ್ತೇ ಇದೆ. ಅಲ್ಲಿ ನಾವೇ ವಿದೇಶಿಯರು. ನಕಲು ತೆಗೆದುಕೊಳ್ಳಲಿ, ಮೂಲ ಪಾಸ್‌ಪೋರ್ಟ್ ಮಾತ್ರ ಕೈಗೆ ಮರಳಿ ಬರಬೇಕು.

ದರ ಎಷ್ಟು, ಕೊಡುವುದೆಷ್ಟು

ಆನ್‌ಲೈನ್‌ನಲ್ಲಿ ಕಾಣುವ ದರ ಕೊನೆಯ ದರವಲ್ಲ. ಸಿಂಗಾಪುರದಲ್ಲಿ ದರದ ಮುಂದೆ ಎರಡು ಪ್ಲಸ್ ಗುರುತು ಕಂಡರೆ ಅದಕ್ಕೆ ಶೇ. 10 ಸೇವಾ ಶುಲ್ಕ, ಅದರ ಮೇಲೆ 2024ರಿಂದ ಶೇ. 9 ಆಗಿರುವ ಜಿಎಸ್‌ಟಿ ಸೇರುತ್ತದೆ ಎಂದರ್ಥ. ನೂರು ಡಾಲರಿನ ರೂಮು ಸುಮಾರು 120 ಆಗುತ್ತದೆ. ದುಬೈಯಲ್ಲಿ 2014ರಲ್ಲಿ ಜಾರಿಗೆ ಬಂದ 'ಟೂರಿಸಂ ದಿರ್ಹಂ' ಎಂಬ ಶುಲ್ಕವಿದೆ. ಹೊಟೇಲಿನ ದರ್ಜೆಯಂತೆ ಒಂದು ರೂಮಿಗೆ ಒಂದು ರಾತ್ರಿಗೆ 7ರಿಂದ 20 ದಿರ್ಹಂ, ಮುಂಗಡ ಪೂರ್ತಿ ಕಟ್ಟಿದ್ದರೂ ಸಾಮಾನ್ಯವಾಗಿ ಕೌಂಟರಿನಲ್ಲೇ ಕೊಡಬೇಕು. ಆಮ್‌ಸ್ಟರ್‌ಡ್ಯಾಮ್ ನಗರ 2024ರಿಂದ ರೂಮಿನ ದರದ ಶೇ. 12.5ರಷ್ಟು ಪ್ರವಾಸಿ ತೆರಿಗೆ ಹಾಕುತ್ತಿದೆ. ನ್ಯೂಯಾರ್ಕಿನಲ್ಲಿ ತೆರಿಗೆಯೇ ಶೇ. 14.75, ಜೊತೆಗೆ ರಾತ್ರಿಗೆ ಮೂರೂವರೆ ಡಾಲರ್. ಅಮೆರಿಕದ ಹಲವು ಹೊಟೇಲುಗಳು ಇದರ ಮೇಲೆ 'ರಿಸಾರ್ಟ್ ಫೀ' ಎಂದು ಇನ್ನೊಂದನ್ನು ಸೇರಿಸುತ್ತಿದ್ದವು. 2025ರ ಮೇ ತಿಂಗಳಿಂದ ಅಂಥ ಕಡ್ಡಾಯ ಶುಲ್ಕವನ್ನು ಮೊದಲು ತೋರಿಸುವ ದರದಲ್ಲೇ ಸೇರಿಸಬೇಕೆಂದು ಅಲ್ಲಿನ ಸರಕಾರ ನಿಯಮ ತಂದಿದೆ.

ಸೂರತ್‌ನ ಏಜೆಂಟರ ಮೂಲಕ ಪ್ಯಾಕೇಜ್ ಕೊಂಡರೆ ಬಿಲ್ಲಿನಲ್ಲಿ ಟಿಸಿಎಸ್ ಎಂಬ ಸಾಲು ಇರುತ್ತದೆ. ಅದರ ಪ್ರಮಾಣ ಬಜೆಟಿನಿಂದ ಬಜೆಟಿಗೆ ಬದಲಾಗುತ್ತಿರುವುದರಿಂದ ಆಯಾ ಹೊತ್ತಿಗೆ ಕೇಳಿ ತಿಳಿಯಬೇಕು. ಅದು ಹೋದ ಹಣವಲ್ಲ, ಆದಾಯ ತೆರಿಗೆ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ಯಾರ ಪ್ಯಾನ್ ಸಂಖ್ಯೆಯಲ್ಲಿ ಕಟ್ಟಿದ್ದಾರೆ ಎಂದು ನೋಡಿಕೊಂಡರಾಯಿತು.

ವೀಸಾಕ್ಕಾಗಿ ಹೊಟೇಲ್ ಬುಕಿಂಗ್ ತೋರಿಸಬೇಕಾದಾಗ 'ಡಮ್ಮಿ ಬುಕಿಂಗ್ ಮಾಡಿಕೊಡುತ್ತೇವೆ, ಇನ್ನೂರು ಮುನ್ನೂರು ಕೊಡಿ ಸಾಕು' ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಇದರಿಂದ ದೂರವಿರುವುದೇ ಒಳ್ಳೆಯದು. ದೂತಾವಾಸದವರು ಹೊಟೇಲಿಗೆ ಕೇಳಿ ನೋಡಿದರೆ ಸುಳ್ಳು ದಾಖಲೆ ಕೊಟ್ಟವರಾಗುವುದು ಏಜೆಂಟರಲ್ಲ, ಅರ್ಜಿದಾರರು. ಒಮ್ಮೆ ನಿರಾಕರಣೆಯಾದರೆ ಮುಂದಿನ ಅರ್ಜಿಗಳಲ್ಲೆಲ್ಲ ಅದನ್ನು ಹೇಳಿಕೊಳ್ಳಬೇಕಾಗುತ್ತದೆ. ಉಚಿತವಾಗಿ ರದ್ದುಮಾಡುವ ಅವಕಾಶವಿರುವ ನಿಜವಾದ ಬುಕಿಂಗ್ ಎಲ್ಲೆಡೆ ಸಿಗುತ್ತದೆ. ಯುರೋಪಿನ ಷೆಂಗೆನ್ ವೀಸಾಕ್ಕೆ ಅದು, ಮತ್ತು ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಎರಡೂ ಬೇಕು. ದುಬೈ ಪ್ರವಾಸಿ ವೀಸಾಕ್ಕೂ 2024ರ ನವೆಂಬರ್‌ನಲ್ಲಿ ಹೊಟೇಲ್ ಬುಕಿಂಗ್, ಮರಳುವ ಟಿಕೆಟ್ ಕೇಳುವುದು ಬಿಗಿಯಾಯಿತು. ಬಂಧುಗಳ ಮನೆಯಲ್ಲಿ ಇಳಿಯುವುದಾದರೆ ಅವರ ಬಾಡಿಗೆ ಕರಾರು, ಎಮಿರೇಟ್ಸ್ ಗುರುತು ಚೀಟಿಯ ಪ್ರತಿ ತರಿಸಿಟ್ಟುಕೊಳ್ಳಬೇಕು. ರದ್ದತಿಯ ಗಡುವು ಹೊಟೇಲಿರುವ ಊರಿನ ಸಮಯದ ಲೆಕ್ಕ ಎಂಬುದು ನೆನಪಿರಲಿ. ಸಿಂಗಾಪುರದಲ್ಲಿ ಸಂಜೆ ಆರೆಂದರೆ ನಮ್ಮಲ್ಲಿ ಮಧ್ಯಾಹ್ನ ಮೂರೂವರೆ.

ಎಲ್ಲಿ ಇಳಿಯುವುದು?

ಚಿತ್ರದಲ್ಲಿ ಚೆಂದ ಕಾಣುವ ಹೊಟೇಲಿಗಿಂತ ಇಳಿದು ನಡೆದರೆ ಅನ್ನ ಸಿಗುವ ಹೊಟೇಲು ನಮ್ಮ ಹಿರಿಯರಿಗೆ ವಾಸಿ. ದುಬೈಯಲ್ಲಿ ಬರ್ ದುಬೈ, ಕರಾಮ ಪರಿಸರದಲ್ಲಿ ಇಡ್ಲಿ-ಸಾಂಬಾರಿಗೆ ಬರವಿಲ್ಲ. ಸಿಂಗಾಪುರದ ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸವಿದೆ. ಬ್ಯಾಂಕಾಕ್‌ನಲ್ಲಿ ಪಾಹುರಾತ್ ಭಾರತೀಯರ ಪೇಟೆ. ಲಂಡನ್‌ನಲ್ಲಿ ಯೂಸ್ಟನ್ ರೈಲು ನಿಲ್ದಾಣದ ಪಕ್ಕದ ಡ್ರಮಂಡ್ ಬೀದಿ, ಇಲ್ಲವೇ ಸೂರತ್ತೇ ಎದ್ದುಹೋಗಿ ಕುಳಿತಂತಿರುವ ವೆಂಬ್ಲಿಯ ಈಲಿಂಗ್ ರೋಡ್. ಆದರೆ ವೆಂಬ್ಲಿ ಕ್ರೀಡಾಂಗಣದಲ್ಲಿ ದೊಡ್ಡ ಫುಟ್‌ಬಾಲ್ ಪಂದ್ಯವೋ ಸಂಗೀತ ಕಾರ್ಯಕ್ರಮವೋ ಇರುವ ದಿನ ಅಲ್ಲಿನ ರೂಮಿನ ದರ ಗಗನಕ್ಕೇರುತ್ತದೆ. ಹಾಂಕಾಂಗ್‌ನಲ್ಲೂ ಹಾಗೆಯೇ: ಮಾರ್ಚ್, ಸೆಪ್ಟೆಂಬರ್‌ನ ಆಭರಣ ಮೇಳಗಳ ವಾರದಲ್ಲಿ ಸೂರತ್‌ನ ಅರ್ಧ ಪೇಟೆ ಅಲ್ಲಿರುತ್ತದೆ. ಆ ಊರಿನ ರೂಮುಗಳೋ, ಎರಡು ಪೆಟ್ಟಿಗೆ ಒಟ್ಟಿಗೆ ಬಿಚ್ಚಲು ಜಾಗವಿರದಷ್ಟು ಕಿರಿದು.

ಅಮೆರಿಕಕ್ಕೆ ಹೋಗುವವರಿಗೆ ಒಂದು ಸ್ವಾರಸ್ಯದ ಸಂಗತಿ. ಹೆದ್ದಾರಿಯ ಬದಿಯ ಮೋಟೆಲಿನಲ್ಲಿ ಇಳಿದರೆ ಕೌಂಟರಿನಲ್ಲಿ 'ಕೇಮ್ ಛೋ' ಎಂದು ಧೈರ್ಯವಾಗಿ ಕೇಳಬಹುದು. 1940ರ ದಶಕದಲ್ಲಿ ಸೂರತ್ ಸೀಮೆಯ ಕಾಂಜಿ ಮಂಛು ದೇಸಾಯಿ ಕ್ಯಾಲಿಫೋರ್ನಿಯಾದಲ್ಲಿ ಹೊಟೇಲು ಹಿಡಿದು, ಹಿಂದೆ ಬಂದ ಊರವರಿಗೆ ದಾರಿ ತೋರಿಸಿದರು. 1989ರಲ್ಲಿ ಸ್ಥಾಪನೆಯಾದ, ಏಷ್ಯಾ ಮೂಲದ ಹೊಟೇಲ್ ಮಾಲಕರ ಸಂಘದ ಸದಸ್ಯರ ಕೈಯಲ್ಲಿ ಈಗ ಅಮೆರಿಕದ ಸುಮಾರು ಶೇ. 60ರಷ್ಟು ಹೊಟೇಲುಗಳಿವೆ, ಅವರಲ್ಲಿ ಬಹುಪಾಲು ಗುಜರಾತಿಗಳು. ಉಡುಪಿಯವರು ಸೂರತ್‌ಗೆ ಬಂದು ಹೊಟೇಲು ಇಟ್ಟರು, ಸೂರತ್‌ನವರು ಅಮೆರಿಕಕ್ಕೆ ಹೋಗಿ ಇಟ್ಟರು. ನಾವು ಇಲ್ಲಿ ಕಲಿತ ಗುಜರಾತಿ ಅಲ್ಲಿ ಇಂಗ್ಲಿಷಿಗಿಂತ ಹೆಚ್ಚು ಪ್ರಯೋಜನಕ್ಕೆ ಬಂದರೆ ಆಶ್ಚರ್ಯವಿಲ್ಲ.

ರೂಮಿನ ಒಳಗೆ

ಯುರೋಪ್, ಅಮೆರಿಕದ ಬಹಳಷ್ಟು ಬಚ್ಚಲುಮನೆಗಳ ನೆಲದಲ್ಲಿ ನೀರು ಹೋಗುವ ತೂಬು ಇರುವುದಿಲ್ಲ. ನಮ್ಮ ಅಭ್ಯಾಸದಂತೆ ಹೊರಗೆ ನಿಂತು ಮೀಯಲು ಹೋದರೆ ನೀರು ನೇರವಾಗಿ ರೂಮಿನ ಕಾರ್ಪೆಟಿಗೆ ಹರಿಯುತ್ತದೆ, ಕೆಳಗಿನ ರೂಮಿನ ತಾರಸಿಗೂ ಇಳಿಯಬಹುದು. ನಷ್ಟವನ್ನು ಅದೇ ಡಿಪಾಸಿಟ್‌ನಿಂದ ಮುರಿದುಕೊಳ್ಳುತ್ತಾರೆ. ತೊಟ್ಟಿಯೊಳಗೇ ನಿಂತು, ಪರದೆಯ ತುದಿಯನ್ನು ತೊಟ್ಟಿಯ ಒಳಕ್ಕೆ ಹಾಕಿ ಮೀಯಬೇಕು. ಶೌಚಕ್ಕೆ ನೀರಿನ ಪೈಪು ಎಲ್ಲ ಕಡೆ ಇರುವುದಿಲ್ಲ, ಒಂದು ಸಣ್ಣ ಪ್ಲಾಸ್ಟಿಕ್ ಚೊಂಬು ಪೆಟ್ಟಿಗೆಯಲ್ಲಿರಲಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇನ್ನು ಅಡುಗೆ. ಇಂಡಕ್ಷನ್ ಒಲೆ ಒಯ್ದು ರೂಮಿನಲ್ಲೇ ಒಗ್ಗರಣೆ ಹಾಕುವ ಸಾಹಸ ಬೇಡ. ಚಾವಣಿಯಲ್ಲಿರುವ ಹೊಗೆ ಸೂಚಕಕ್ಕೆ ಸಾಸಿವೆ ಸಿಡಿದ ಹೊಗೆಯೂ ಒಂದೇ, ಬೆಂಕಿಯ ಹೊಗೆಯೂ ಒಂದೇ. ಗಂಟೆ ಬಾರಿಸಿದರೆ ಇಡೀ ಹೊಟೇಲು ರಸ್ತೆಗಿಳಿಯುತ್ತದೆ, ದಂಡವೂ ಬೀಳುತ್ತದೆ. ವಾರಕ್ಕಿಂತ ಹೆಚ್ಚು ನಿಲ್ಲುವವರು ಅಡುಗೆಮನೆ ಇರುವ ಸರ್ವಿಸ್ ಅಪಾರ್ಟ್‌ಮೆಂಟ್ ನೋಡುವುದು ಒಳ್ಳೆಯದು. ನಾಲ್ಕೈದು ದಿನಕ್ಕಾದರೆ ಗುಜರಾತಿ ನೆರೆಯವರ ಥೇಪ್ಲಾ, ಖಾಖ್ರಾ, ನಮ್ಮ ಅವಲಕ್ಕಿ, ಚಟ್ನಿಪುಡಿ ಸಾಕು. ಆದರೆ ಎರಡು ವಸ್ತುಗಳ ಬಗ್ಗೆ ಎಚ್ಚರ. ಗಸಗಸೆ ಯುಎಇ ಮತ್ತು ಸಿಂಗಾಪುರದಲ್ಲಿ ಮಾದಕ ವಸ್ತುವಿನ ಪಟ್ಟಿಗೆ ಸೇರಿದ್ದು, ಮಸಾಲೆ ಪುಡಿಯಲ್ಲಿ ಚಿಟಿಕೆಯಷ್ಟೂ ಇರಕೂಡದು. ಮತ್ತೆ, ಹಾಲಿನ ಪದಾರ್ಥಗಳನ್ನು ಯುರೋಪಿಗೆ ಒಯ್ಯುವಂತಿಲ್ಲವಾದ್ದರಿಂದ ಮಗಳಿಗೆಂದು ಕಟ್ಟಿಸಿಕೊಂಡ ಸೂರತ್‌ನ ಮಾವಾ ಘಾರಿ ವಿಮಾನ ನಿಲ್ದಾಣದ ಕಸದ ಬುಟ್ಟಿ ಸೇರಬಹುದು.

ಇಬ್ಬರ ರೂಮಿನಲ್ಲಿ ನಾಲ್ವರು ಹೊಂದಿಕೊಳ್ಳುವುದು ನಮ್ಮ ದೊಡ್ಡ ಗುಣ. ಅಲ್ಲಿ ಅದು ಅಗ್ನಿಸುರಕ್ಷೆಯ ನಿಯಮಕ್ಕೆ ವಿರುದ್ಧ. ಮಕ್ಕಳ ವಯಸ್ಸನ್ನು ಸೇರಿಸಿ ಎಲ್ಲರನ್ನೂ ಬುಕಿಂಗ್‌ನಲ್ಲಿ ತೋರಿಸಬೇಕು. ರೂಮಿನ ಪುಟ್ಟ ಫ್ರಿಜ್‌ನಲ್ಲಿ ಇಟ್ಟಿರುವುದು ಉಪಚಾರಕ್ಕಲ್ಲ, ಮಾರಾಟಕ್ಕೆ. ಕೆಲವು ಕಡೆ ಬಾಟಲಿ ಎತ್ತಿದ ಕೂಡಲೇ ಬಿಲ್ಲಿಗೆ ಸೇರುವ ಯಂತ್ರವಿದೆ, ನಮ್ಮ ಮಜ್ಜಿಗೆ ಪ್ಯಾಕೆಟಿಗೆ ಜಾಗ ಮಾಡಲು ಅದನ್ನು ಸರಿಸಿದರೂ ಲೆಕ್ಕವೇ. ದುಬೈ, ಸಿಂಗಾಪುರ, ಹಾಂಕಾಂಗ್, ಲಂಡನ್‌ಗಳಲ್ಲಿ ಚೌಕ ಮೊಳೆಯ ಮೂರು ಪಿನ್ನಿನ ಪ್ಲಗ್, ಯುರೋಪಿನ ಹೆಚ್ಚಿನ ಕಡೆ ಎರಡು ಗುಂಡು ಪಿನ್. ಅಮೆರಿಕದಲ್ಲಿ ವಿದ್ಯುತ್ತೇ 120 ವೋಲ್ಟ್, ನಮ್ಮ ಕೆಟಲ್ ಅಲ್ಲಿ ಸರಿಯಾಗಿ ಕಾಯದು.

ಹಿರಿಯರ ಕಿಸೆಯಲ್ಲಿ ಹೊಟೇಲಿನ ವಿಸಿಟಿಂಗ್ ಕಾರ್ಡು ಸದಾ ಇರಲಿ. ಬ್ಯಾಂಕಾಕ್‌ನಲ್ಲಂತೂ ಥಾಯ್ ಲಿಪಿಯದೇ ಬೇಕು, ಟ್ಯಾಕ್ಸಿಯವರಿಗೆ ಇಂಗ್ಲಿಷ್ ವಿಳಾಸ ತಿಳಿಯದೇ ಹೋಗಬಹುದು. 2025ರ ಮೇ 1ರಿಂದ ಥಾಯ್ಲೆಂಡ್‌ಗೆ ಹೋಗುವವರು ಮೊದಲೇ ಆನ್‌ಲೈನ್‌ನಲ್ಲಿ ಆಗಮನ ಚೀಟಿ ತುಂಬಬೇಕು, ಸಿಂಗಾಪುರಕ್ಕೂ ಅಂಥದ್ದಿದೆ. ಎರಡರಲ್ಲೂ ಹೊಟೇಲಿನ ವಿಳಾಸ ಕೇಳುತ್ತಾರೆ. ಸರಕಾರಿ ತಾಣದಲ್ಲಿ ಎರಡೂ ಉಚಿತ, ಹಣ ಕೇಳಿದರೆ ಅದು ಮಧ್ಯವರ್ತಿಯ ಅಂಗಡಿ ಎಂದು ತಿಳಿಯಬೇಕು.

ಹೊರಡುವ ಹಿಂದಿನ ರಾತ್ರಿಯೇ ಬಿಲ್ಲು ತರಿಸಿ ನಿಧಾನವಾಗಿ ಓದುವುದು ಲೇಸು, ಬೆಳಿಗ್ಗೆ ಟ್ಯಾಕ್ಸಿ ಕಾಯುತ್ತಿರುವಾಗ ಯಾರಿಗೂ ಲೆಕ್ಕ ಕಾಣುವುದಿಲ್ಲ. ರಾತ್ರಿಯ ವಿಮಾನವಿದ್ದರೆ ಸಾಮಾನನ್ನು ಹೊಟೇಲಿನವರೇ ಸಾಮಾನ್ಯವಾಗಿ ಪುಕ್ಕಟೆ ಇಟ್ಟುಕೊಳ್ಳುತ್ತಾರೆ, ಚೀಟಿ ಪಡೆದುಕೊಂಡರಾಯಿತು. ಕಾರ್ಡು ಉಜ್ಜುವಾಗ ಯಂತ್ರವು 'ರೂಪಾಯಿಯಲ್ಲಿ ಕೊಡುತ್ತೀರಾ' ಎಂದು ಕೇಳಿದರೆ ಬೇಡ ಎಂದು, ಆ ದೇಶದ ನಾಣ್ಯವನ್ನೇ ಒತ್ತಬೇಕು. ರೂಪಾಯಿ ಎಂದರೆ ಅವರಿಗೆ ಬೇಕಾದ ವಿನಿಮಯ ದರ ಹಾಕುತ್ತಾರೆ. ಡಿಪಾಸಿಟ್ ಬಿಡುಗಡೆ ಮಾಡಿದ ಚೀಟಿಯನ್ನು ಕೇಳಿ ಪಡೆದು, ಹಣ ಖಾತೆಗೆ ಮರಳಿದ್ದು ಕಾಣುವವರೆಗೆ ಎಸೆಯಬಾರದು. ತಿಂಗಳು ಕಳೆದರೂ ಬಾರದಿದ್ದರೆ ಆ ಚೀಟಿಯ ಪ್ರತಿಯನ್ನು ಹೊಟೇಲಿನ ಲೆಕ್ಕಪತ್ರ ವಿಭಾಗಕ್ಕೂ ಇಲ್ಲಿನ ಬ್ಯಾಂಕ್ ಶಾಖೆಗೂ ಒಂದೇ ದಿನ ಕಳುಹಿಸಬೇಕು.